ಜಾನ್ ಹರ್ಸಿಯವರ ‘ಹಿರೋಶಿಮಾ’: ಒಬ್ಬ ನಿವೃತ್ತ ನರ್ಸ್ ಓದಿದಂತೆ

ಈ ಪುಸ್ತಕವನ್ನು ಕೊಳ್ಳಬೇಕೋ ಬೇಡವೋ ಎಂದು ತಿಳಿಯಲಷ್ಟೇ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಿ. ಆದರೆ ಅಳುವುದಕ್ಕೆಂದು ಕೊಳ್ಳಬೇಡಿ. ಕರವಸ್ತ್ರ ಹಿಡಿದು ಕೂರುವ ಓದುಗರಿಗೆ ಇದು ನಿರಾಸೆ ಮಾಡುತ್ತದೆ. ಒಂದು ಇಡೀ ಊರು ಸುಟ್ಟು ಬೂದಿಯಾಗುವ ಕಥೆಯಿದು. ಬರೆದವರು ಮಾತ್ರ ಎಲ್ಲಿಯೂ ‘ಅಯ್ಯೋ’ ಎನ್ನುವುದಿಲ್ಲ.

ಜಾನ್ ಹರ್ಸಿ ಅಮೆರಿಕದ ಪತ್ರಕರ್ತರು. ಹುಟ್ಟಿದ್ದು 1914ರಲ್ಲಿ, ಚೀನಾದ ತಿಯಾಂಜಿನ್‌ನಲ್ಲಿ, ಮಿಷನರಿ ದಂಪತಿಯ ಮಗನಾಗಿ. ಬಾಂಬ್ ಬಿದ್ದ ಮರುವರ್ಷ ಹಿರೋಶಿಮಾಕ್ಕೆ ಹೋಗಿ, ಬದುಕುಳಿದವರನ್ನು ಮಾತನಾಡಿಸಿ, ಅವರಲ್ಲಿ ಆರು ಜನರನ್ನು ಆರಿಸಿಕೊಂಡು ಬರೆದ ವರದಿ ಇದು. ‘ನ್ಯೂಯಾರ್ಕರ್’ ಪತ್ರಿಕೆಗೆ ಇದನ್ನು ನಾಲ್ಕು ಕಂತುಗಳಲ್ಲಿ ಹಾಕುವ ಯೋಚನೆಯಿತ್ತು. ಕೊನೆಗೆ ಸಂಪಾದಕರು ಮನಸ್ಸು ಬದಲಿಸಿ, 1946ರ ಆಗಸ್ಟ್ 31ರ ಸಂಚಿಕೆಯನ್ನು ಇದೊಂದೇ ಬರಹಕ್ಕೆ ಬಿಟ್ಟುಕೊಟ್ಟರು. ಆ ಸಂಚಿಕೆಯ ಮುಖಪುಟದಲ್ಲಿ ಜನ ಉದ್ಯಾನದಲ್ಲಿ ಆಡಿಕೊಂಡು, ಬಿಸಿಲು ಕಾಯಿಸಿಕೊಂಡು ಇರುವ ಚಿತ್ರವಿದೆ. ಅದನ್ನು ನೋಡಿ ಹಗುರವಾದ ಓದೊಂದಕ್ಕೆ ಸಿದ್ಧರಾಗಿ ಪುಟ ತಿರುಗಿಸಿದವರ ಮುಖವನ್ನು ನಾನು ಊಹಿಸಿಕೊಳ್ಳುತ್ತಿರುತ್ತೇನೆ. ಅಮೆರಿಕದ ರೇಡಿಯೋದಲ್ಲಿ ಇದನ್ನು ನಾಲ್ಕು ಸಂಜೆ ಓದಿಸಿದರು. ಅದೇ ವರ್ಷ ಪುಸ್ತಕವೂ ಆಯಿತು. ನಲವತ್ತು ವರ್ಷ ಕಳೆದ ಮೇಲೆ, 1985ರಲ್ಲಿ, ಆ ಆರು ಜನರ ಮುಂದಿನ ಬದುಕನ್ನು ಹೇಳುವ ಐದನೆಯ ಅಧ್ಯಾಯವನ್ನು ಹರ್ಸಿ ಸೇರಿಸಿದರು.

ನಾನು ಸಾಹಿತ್ಯ ಓದಿದವಳಲ್ಲ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ, ಸೇವೆಯ ಬಹುಪಾಲನ್ನು ಸುಟ್ಟ ಗಾಯಗಳ ವಾರ್ಡಿನಲ್ಲಿ ಕಳೆದು, ಈಗ ದಾವಣಗೆರೆಯಲ್ಲಿ ತಂಗಿಯ ಮನೆಯ ಮಹಡಿಯಲ್ಲಿದ್ದೇನೆ. ಪುಸ್ತಕ ತಂಗಿಯ ಮಗಳದು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಹುಡುಗಿ. ಮೂರನೆಯ ಅಧ್ಯಾಯದಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಅಲ್ಲಿಗೇ ಬಿಟ್ಟಿದ್ದಳು. ‘ದೊಡ್ಡಮ್ಮ, ನನ್ನಿಂದ ಆಗುವುದಿಲ್ಲ. ಊಟ ಸೇರುತ್ತಿಲ್ಲ. ನೀವಾದರೆ ಇದನ್ನೆಲ್ಲ ಕಣ್ಣಾರೆ ಕಂಡವರು, ಓದಿ’ ಎಂದು ಕೈಗಿಟ್ಟಳು.

ಕಂಡವರಿಗೆ ಓದುವುದು ಸುಲಭ ಎಂದು ಎಲ್ಲರೂ ತಿಳಿದಿದ್ದಾರೆ. ಅದು ತಿರುಗಾಮುರುಗಾ. ವಾರ್ಡಿನಲ್ಲಿದ್ದಷ್ಟು ಕಾಲ ನಾನು ಇಂಥ ಪುಸ್ತಕಗಳನ್ನು ಮುಟ್ಟಲಿಲ್ಲ. ಕೈಗೆ ಕೆಲಸವಿದ್ದಾಗ ಕಣ್ಣು ಎಷ್ಟನ್ನಾದರೂ ತಡೆದುಕೊಳ್ಳುತ್ತದೆ. ಮೈಯ ಎಷ್ಟು ಪಾಲು ಸುಟ್ಟಿದೆ ಎಂದು ಒಂಬತ್ತರ ಲೆಕ್ಕದಲ್ಲಿ (ಮೈಯನ್ನು ನೂರಕ್ಕೆ ಒಂಬತ್ತರ ಪಾಲುಗಳಾಗಿ ಎಣಿಸುವ ಕ್ರಮ) ಅಳೆಯಬೇಕು, ತೂಕ ಕೇಳಿಕೊಳ್ಳಬೇಕು, ಮೊದಲ ಎಂಟು ಗಂಟೆಗಳಲ್ಲಿ ಎಷ್ಟು ಡ್ರಿಪ್ ಹೋಗಬೇಕೆಂದು ಗುಣಿಸಬೇಕು, ಅಂಟಿಕೊಂಡ ಸೀರೆಯ ಚೂರನ್ನು ನೆನೆಸಿ ಬಿಡಿಸಬೇಕು. ಇಷ್ಟರ ನಡುವೆ ಮನಸ್ಸಿಗೆ ಬಿಡುವೆಲ್ಲಿ? ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಓದುವವರ ಕೈಯಲ್ಲಾದರೋ ಪುಸ್ತಕ ಬಿಟ್ಟರೆ ಏನೂ ಇರುವುದಿಲ್ಲ. ಪುಟದಲ್ಲಿರುವ ಮನುಷ್ಯ ನೀರು ಕೇಳುತ್ತಾನೆ, ಕುಡಿಸುವಂತಿಲ್ಲ. ತಂಗಿಯ ಮಗಳಿಗೆ ಊಟ ಸೇರದಿದ್ದದ್ದು ಅವಳ ಮನಸ್ಸು ಮೆದು ಎಂಬ ಕಾರಣಕ್ಕಲ್ಲ ಎಂದು ನನಗೆ ಅನ್ನಿಸುತ್ತದೆ. ಅವಳಿಗೆ ಮಾಡಲು ಕೆಲಸವಿರಲಿಲ್ಲ.

ಹೀಗೆ ಸಿಕ್ಕಿಕೊಂಡ ಓದುಗರಿಗೆ ಸಾಮಾನ್ಯವಾಗಿ ಪುಸ್ತಕಗಳು ಕೊಡುವ ಪರಿಹಾರ ಕಣ್ಣೀರು. ಅದು ನಮಗೆ ಒಂದನೆಯ ತರಗತಿಯಿಂದ ರೂಢಿ. ಪುಣ್ಯಕೋಟಿ ಕರುವಿನ ಬಳಿಗೆ ಬಂದು ಕೊನೆಯ ಹಾಲು ಕುಡಿಸುವಾಗ ತರಗತಿಯೆಲ್ಲ ಅಳುತ್ತಿತ್ತು. ಹುಲಿ ಬೆಟ್ಟದಿಂದ ಹಾರಿ ಸತ್ತ ಮೇಲೆ ಗಂಟೆ ಹೊಡೆಯುತ್ತಿತ್ತು, ನಾವು ಬುತ್ತಿ ಬಿಚ್ಚುತ್ತಿದ್ದೆವು. ಚೆನ್ನಾಗಿ ಅತ್ತ ದಿನ ಹಸಿವು ಜಾಸ್ತಿ. ಅದನ್ನು ನಾನು ಹಗುರ ಮಾಡುತ್ತಿಲ್ಲ, ಆ ಹಾಡು ನನಗೆ ಈಗಲೂ ಬಾಯಿಗೆ ಬರುತ್ತದೆ. ಆದರೆ ಅಳು ಬಂದು ಹೋದ ಮೇಲೆ ಲೆಕ್ಕ ಚುಕ್ತಾ ಆದಂತೆ ಅನ್ನಿಸುತ್ತದೆಯಲ್ಲ, ಆ ಸಮಾಧಾನವನ್ನು ಹರ್ಸಿ ಕೊಡುವುದಿಲ್ಲ. ಅವರು ಬರೆಯುವುದು ರಾತ್ರಿ ಪಾಳಿ ಮುಗಿಸಿದ ನರ್ಸ್ ಬೆಳಗಿನ ಪಾಳಿಯವರಿಗೆ ವಾರ್ಡು ಒಪ್ಪಿಸಿದ ಹಾಗೆ: ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಏನಾಯಿತು, ಏನು ಕೊಟ್ಟೆವು.

ಮೊದಲ ಅಧ್ಯಾಯದ ಹೆಸರು ‘ಸದ್ದಿಲ್ಲದ ಮಿಂಚು’ ಎಂಬ ಅರ್ಥದ್ದು. 1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷ. ಆ ಕ್ಷಣದಲ್ಲಿ ಆರು ಜನ ಏನು ಮಾಡುತ್ತಿದ್ದರು ಎಂಬುದಷ್ಟೇ ಅದರಲ್ಲಿರುವುದು. ತವರದ ಕಾರ್ಖಾನೆಯ ಗುಮಾಸ್ತೆ ತೊಶಿಕೊ ಸಾಸಾಕಿ ಪಕ್ಕದ ಮೇಜಿನ ಹುಡುಗಿಯ ಜೊತೆ ಮಾತನಾಡಲು ತಲೆ ತಿರುಗಿಸುತ್ತಿದ್ದರು. ಡಾಕ್ಟರ್ ಫುಜಿಯಿ ನದಿಯ ಮೇಲಿನ ತಮ್ಮ ಖಾಸಗಿ ಆಸ್ಪತ್ರೆಯ ಜಗುಲಿಯಲ್ಲಿ ಒಳಉಡುಪಿನಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದರು. ದರ್ಜಿಯ ವಿಧವೆ ಹತ್ಸುಯೊ ನಾಕಾಮುರಾ ಅಡುಗೆಮನೆಯ ಕಿಟಕಿಯಿಂದ, ನೆರೆಯವನು ತನ್ನ ಮನೆಯನ್ನು ತಾನೇ ಕೆಡವುವುದನ್ನು ನೋಡುತ್ತಿದ್ದರು. ಬೆಂಕಿ ಹರಡದಂತೆ ನಗರದಲ್ಲಿ ಬಯಲು ಬಿಡಿಸುತ್ತಿದ್ದ ಕಾಲ ಅದು. ಜರ್ಮನಿಯ ಪಾದ್ರಿ ಕ್ಲೈನ್‌ಸೋರ್ಗೆ ಮಂಚದ ಮೇಲೆ ಮಲಗಿ ಮಾಸಿಕವೊಂದನ್ನು ಓದುತ್ತಿದ್ದರು. ರೆಡ್ ಕ್ರಾಸ್ ಆಸ್ಪತ್ರೆಯ ಯುವ ಶಸ್ತ್ರವೈದ್ಯ ತೆರುಫುಮಿ ಸಾಸಾಕಿ ರಕ್ತದ ಮಾದರಿಯನ್ನು ಹಿಡಿದು ವರಾಂಡದಲ್ಲಿ ನಡೆಯುತ್ತಿದ್ದರು. ಮೆಥಡಿಸ್ಟ್ ಚರ್ಚಿನ ಧರ್ಮಗುರು ತನಿಮೊಟೊ ಸ್ನೇಹಿತನ ಜೊತೆ ಗಾಡಿಯಲ್ಲಿ ಸಾಮಾನು ಸಾಗಿಸಿ ಊರಾಚೆಯ ಮನೆ ಮುಟ್ಟಿದ್ದರು. ಯಾರಿಗೂ ಸದ್ದು ಕೇಳಿಸಿದ ನೆನಪಿಲ್ಲ. ಬೆಳಕು ಮಾತ್ರ.

ಇದು ನನಗೆ ಹಿಡಿಸಿದ್ದಕ್ಕೆ ಕಾರಣವಿದೆ. ವಾರ್ಡಿಗೆ ಬಂದವರು ಯಾರೇ ಆಗಲಿ, ಬೆಂಕಿಗಿಂತ ಮೊದಲು ತಾವು ಏನು ಮಾಡುತ್ತಿದ್ದೆವು ಎಂಬುದನ್ನೇ ಬಿಡದೆ ಹೇಳುತ್ತಾರೆ. ಅಕ್ಕಿ ತೊಳೆದಿಟ್ಟಿದ್ದೆ ಸಿಸ್ಟರ್. ಮಗುವಿಗೆ ಸ್ವೆಟರ್ ಹಾಕುತ್ತಿದ್ದೆ ಸಿಸ್ಟರ್. ಮತ್ತೆ ಮತ್ತೆ ಅದೇ ಮಾತು, ಅಲ್ಲಿಗೆ ಹಿಂದಿರುಗಿದರೆ ಇನ್ನೊಂದು ದಾರಿ ಸಿಕ್ಕೀತು ಎನ್ನುವಂತೆ. ಬೆಂಕಿ ಹೇಗೆ ಹತ್ತಿತು ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ಸ್ಟೋವ್ ಸಿಡಿಯಿತು. ತಹಶೀಲ್ದಾರರು ಬಂದು ಮರಣಪೂರ್ವ ಹೇಳಿಕೆ ಬರೆದುಕೊಳ್ಳುವಾಗ ಗಂಡನ ಮನೆಯವರು ಬಾಗಿಲ ಆಚೆ ನಿಂತಿರುತ್ತಿದ್ದರು. ಅಷ್ಟೊಂದು ಸ್ಟೋವ್‌ಗಳು ಸಿಡಿಯುವ ದೇಶದಲ್ಲಿ ಸ್ಟೋವ್ ಕಂಪನಿಯವರು ಹೇಗೆ ವ್ಯಾಪಾರ ಮಾಡಿದರೋ! ಇರಲಿ, ಅದು ಬೇರೆ ಪುಸ್ತಕ. ಯಾರಾದರೂ ಹರ್ಸಿಯವರ ಹಾಗೆ ಕುಳಿತು ಬರೆಯಬೇಕಾದದ್ದು.

ತೊಶಿಕೊ ಸಾಸಾಕಿಯವರ ಬೆನ್ನ ಹಿಂದೆ ಕಾರ್ಖಾನೆಯ ಗ್ರಂಥಾಲಯದ ಕಪಾಟುಗಳಿದ್ದವು. ಅವು ಮುಗ್ಗರಿಸಿ ಅವರ ಮೇಲೆ ಬಿದ್ದು ಎಡಗಾಲು ಮುರಿಯಿತು. ಪರಮಾಣು ಯುಗದ ಮೊದಲ ಕ್ಷಣದಲ್ಲಿ ಮನುಷ್ಯಜೀವವೊಂದು ಪುಸ್ತಕಗಳ ಕೆಳಗೆ ಜಜ್ಜಿಹೋಯಿತು ಎಂಬ ಅರ್ಥದ ವಾಕ್ಯದಿಂದ ಹರ್ಸಿ ಅಧ್ಯಾಯವನ್ನು ಮುಗಿಸುತ್ತಾರೆ. ಲೇಖಕರು ತಮ್ಮ ದನಿ ಎತ್ತಿದ ಕೆಲವೇ ಜಾಗಗಳಲ್ಲಿ ಇದೊಂದು. ಬಹಳ ಜನ ಇದನ್ನು ಮೆಚ್ಚಿ ಉದ್ಧರಿಸುತ್ತಾರೆ. ನನಗೆ ಅದು ಸ್ವಲ್ಪ ಜಾಣತನ ಹೆಚ್ಚಾದ ವಾಕ್ಯ ಎನ್ನಿಸಿತು. ಆಕೆಯನ್ನು ಆಮೇಲೆ ಬಾಗಿದ ತಗಡಿನ ಕೆಳಗೆ ಮಲಗಿಸುತ್ತಾರೆ. ಜೊತೆಗೆ ಎದೆಯ ಒಂದು ಪಾಲೇ ಕತ್ತರಿಸಿಹೋದ ಹೆಂಗಸು, ಮುಖವೆಲ್ಲ ಸುಟ್ಟ ಗಂಡಸು. ಎರಡು ಹಗಲು ಎರಡು ರಾತ್ರಿ ಮೂವರೂ ಅಲ್ಲಿಯೇ. ಆ ಭಾಗದಲ್ಲಿ ಒಂದೂ ಜಾಣ ವಾಕ್ಯವಿಲ್ಲ. ಅದಕ್ಕೇ ಅದು ಕಾಡುತ್ತದೆ.

ನನ್ನ ಕಸುಬಿನ ಕಣ್ಣಿಗೆ ಹರ್ಸಿ ಎಲ್ಲಿಯೂ ತಪ್ಪಿ ಸಿಕ್ಕಿಬೀಳಲಿಲ್ಲ. ಸುಟ್ಟವರು ನೀರು ನೀರು ಎನ್ನುವುದು, ಮುಟ್ಟಿದರೆ ಚರ್ಮ ಕೈಗವಸಿನಂತೆ ಕಳಚಿಬರುವುದು, ಭಾರಿ ಗಾಯಗಳಿದ್ದವರು ಕೂಗಾಡದೆ ಸುಮ್ಮನೆ ಮಲಗಿರುವುದು, ಎಲ್ಲ ನಿಜ. ಆಳವಾಗಿ ಸುಟ್ಟರೆ ನೋವಿನ ನರವೇ ಉಳಿದಿರುವುದಿಲ್ಲ. ಬಂದವರು ಮೊದಲ ದಿನ ಸರಾಗವಾಗಿ ಮಾತನಾಡುತ್ತಾರೆ, ಮನೆಯವರು ‘ಪರವಾಗಿಲ್ಲ, ಉಳಿದುಕೊಂಡರು’ ಎಂದು ಹಣ್ಣು ತರಲು ಹೋಗುತ್ತಾರೆ. ಅವರಿಗೆ ಹೇಗೆ ಹೇಳುವುದೆಂದು ನಮಗೆ ಯಾರೂ ಕಲಿಸಿರಲಿಲ್ಲ. ನದಿಯ ಮರಳದಿಬ್ಬದ ಮೇಲೆ ಬಿದ್ದಿದ್ದವರನ್ನು ತನಿಮೊಟೊ ದೋಣಿಗೆ ಎತ್ತಿಹಾಕಿಕೊಂಡು ದಾಟಿಸುವ ಪುಟಗಳು ಇಲ್ಲಿ ಎಲ್ಲಕ್ಕಿಂತ ಕಠಿಣ. ಇವರು ಮನುಷ್ಯರು, ಇವರು ಮನುಷ್ಯರು ಎಂದು ಆತ ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತದೆ. ನೀರು ಏರಿದರೂ ಮುಟ್ಟದಷ್ಟು ಎತ್ತರಕ್ಕೆ ಅವರನ್ನು ಸಾಗಿಸಿದೆನೆಂದು ಆತ ತಿಳಿದಿದ್ದರು. ಬೆಳಿಗ್ಗೆ ನೋಡಿದರೆ ಉಬ್ಬರದ ನೀರು ಅಲ್ಲಿಗೂ ಬಂದಿದೆ. ಅವರಿಗೆ ಸರಿದುಕೊಳ್ಳಲು ತ್ರಾಣವಿರಲಿಲ್ಲ. ಹರ್ಸಿ ಇಷ್ಟು ಹೇಳಿ ಮುಂದಕ್ಕೆ ಹೋಗುತ್ತಾರೆ. ತಂಗಿಯ ಮಗಳ ಬಸ್ ಟಿಕೆಟ್ ಇದ್ದದ್ದು ಇದರ ಆಸುಪಾಸಿನಲ್ಲಿ.

ಅವಳು ಇನ್ನೂ ಕೆಲವು ಪುಟ ಓದಬೇಕಿತ್ತು. ಪುಸ್ತಕದ ಜೀವ ಅಲ್ಲಿದೆ.

ಅಸಾನೊ ಉದ್ಯಾನ ಎಂಬುದು ನಗರದ ಒಬ್ಬ ಶ್ರೀಮಂತ ಮನೆತನದ ತೋಟ. ಬೆಂಕಿಯಿಂದ ತಪ್ಪಿಸಿಕೊಂಡವರು ಅಲ್ಲಿ ಸೇರಿದ್ದಾರೆ. ಪಾದ್ರಿ ಕ್ಲೈನ್‌ಸೋರ್ಗೆ ಮೊದಲೆಲ್ಲ ಇನ್ನೊಬ್ಬರ ಬೆರಳು ಕುಯ್ದರೂ ನೋಡಲಾರದ ಮನುಷ್ಯ. ನೀರು ಹೊತ್ತು ತರುವಾಗ ಪೊದೆಯೊಳಗೆ ಸುಮಾರು ಇಪ್ಪತ್ತು ಸೈನಿಕರು ಸಿಗುತ್ತಾರೆ. ಮುಖ ಪೂರ್ತಿ ಸುಟ್ಟಿದೆ, ಕಣ್ಣುಗಳು ಕರಗಿ ಹೋಗಿವೆ, ಬಾಯಿ ತೆರೆಯಲಾಗದಷ್ಟು ಊತ. ಪಾದ್ರಿ ಒಂದು ದಪ್ಪ ಹುಲ್ಲಿನ ಕಡ್ಡಿಯನ್ನು ಕೊಳವೆ ಮಾಡಿ, ಅದರಿಂದ ಅವರಿಗೆಲ್ಲ ನೀರು ಕುಡಿಸುತ್ತಾರೆ. ಅಲ್ಲಿಂದ ನೇರವಾಗಿ ಕೊಳದ ಹತ್ತಿರ ಬಂದು, ಚಿಕ್ಕಪುಟ್ಟ ಗಾಯವಾದ ಇನ್ನೊಬ್ಬರ ಜೊತೆ ನಿಂತು, ಸತ್ತು ತೇಲುತ್ತಿದ್ದ ದೊಡ್ಡ ಮೀನನ್ನು ತಿನ್ನಬಹುದೇ ಬಾರದೇ ಎಂದು ಚರ್ಚೆ ಮಾಡುತ್ತಾರೆ! ಬೇಡ, ಅಪಾಯ ಎಂದು ತೀರ್ಮಾನವಾಗುತ್ತದೆ.

ನಮ್ಮ ಓದುವ ಬಳಗದಲ್ಲಿ ಈ ಭಾಗದ ಮಾತು ಬಂದಾಗ, ನಿವೃತ್ತ ಮೇಷ್ಟರೊಬ್ಬರು ‘ಆ ಮನುಷ್ಯನ ಎದೆ ಕಲ್ಲಾಗಿಬಿಟ್ಟಿತ್ತು’ ಎಂದರು. ಕಲ್ಲಾಗಿರಲಿಲ್ಲ ಸಾರ್, ಅವರಿಗೆ ಇನ್ನೊಂದು ಸುತ್ತು ನೀರು ತರುವುದಿತ್ತು ಎಂದೆ. ಬೆಳಿಗ್ಗೆ ಡ್ರೆಸ್ಸಿಂಗ್ ಟ್ರಾಲಿಯ ಚಕ್ರದ ಸದ್ದು ಕೇಳಿದ ಕೂಡಲೇ ವಾರ್ಡಿನ ಆ ತುದಿಯಿಂದ ಅಳು ಶುರುವಾಗುತ್ತಿತ್ತು. ಅದು ಮುಗಿಸಿ, ಕೈ ತೊಳೆದು, ನಾವು ಇಡ್ಲಿ ತಿನ್ನುತ್ತಿದ್ದೆವು. ಚಟ್ನಿಗೆ ಉಪ್ಪು ಕಡಿಮೆ ಎಂದು ಜಗಳವನ್ನೂ ಮಾಡಿದ್ದೇವೆ. ಹೊರಗಿನವರು ನೋಡಿದರೆ ರಾಕ್ಷಸಿಯರು ಎಂದುಕೊಂಡಾರು. ತಿನ್ನದೆ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಕೈ ನಡುಗುತ್ತದೆ, ನಡುಗುವ ಕೈಯಿಂದ ಗಾಯದ ಮೇಲಿನ ಬಟ್ಟೆ ಎಳೆದರೆ ಏನಾಗುತ್ತದೆ ಎಂದು ಮಲಗಿದವರನ್ನು ಕೇಳಿ. ಈ ಮೀನಿನ ಮಾತನ್ನು ಬೇರೆ ಲೇಖಕರಾಗಿದ್ದರೆ ಪಾದ್ರಿಯ ಮರ್ಯಾದೆಗೆ ಕುಂದೆಂದು ಬಿಟ್ಟುಬಿಡುತ್ತಿದ್ದರು. ಹರ್ಸಿ ಇಟ್ಟುಕೊಂಡಿದ್ದಾರೆ, ಕ್ಷಮೆಯನ್ನೂ ಕೇಳಿಲ್ಲ, ಬಯ್ದೂ ಇಲ್ಲ.

ಅದಾದ ಸ್ವಲ್ಪ ಮೇಲೆ ಬರುವುದು ಚಹಾ ಎಲೆ. ಪಾದ್ರಿಗೆ ದಣಿವು, ಬಾಯಾರಿಕೆ. ಅಪರಿಚಿತ ತರುಣಿಯೊಬ್ಬಳು ಹತ್ತಿರ ಬಂದು, ಇವನ್ನು ಜಗಿಯಿರಿ, ಬಾಯಾರಿಕೆ ಗೊತ್ತಾಗುವುದಿಲ್ಲ ಎಂದು ಕೆಲವು ಚಹಾ ಎಲೆಗಳನ್ನು ಕೊಡುತ್ತಾಳೆ. ಯುದ್ಧದ ಕೊನೆಯ ದಿನಗಳು. ಪರದೇಶದವರೆಂದರೆ ಊರಿನಲ್ಲಿ ಹಗೆ. ಅವಳ ಆ ಮೃದುವಾದ ಮಾತಿಗೆ ಪಾದ್ರಿಗೆ ಇದ್ದಕ್ಕಿದ್ದಂತೆ ಅಳು ಬರುತ್ತದೆ. ಕಣ್ಣಿಲ್ಲದ ಸೈನಿಕರ ಮುಂದೆ ಬರದ ಅಳು!

ನನಗೂ ಅಲ್ಲಿಯೇ ಬಂದದ್ದು. ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಕುಳಿತೆ. ತಂಗಿ ಕಾಫಿಗೆ ಕರೆದಳು, ಹೋಗಲಿಲ್ಲ. ವಾರ್ಡಿನ ಅಷ್ಟು ವರ್ಷಗಳಲ್ಲಿ ನಾನು ಅತ್ತದ್ದೂ ಇಂಥ ಕಡೆಗಳಲ್ಲಿಯೇ. ಸಾವುಗಳಿಗೆ ಅಲ್ಲ. ಎರಡೂ ಕೈ ಸುಟ್ಟ ಹುಡುಗಿಯೊಬ್ಬಳು ಪಕ್ಕದ ಹಾಸಿಗೆಯ ಅಜ್ಜಿಗೆ ಸೊಳ್ಳೆ ಕಚ್ಚುತ್ತಿದೆ ಎಂದು ರಾತ್ರಿಯೆಲ್ಲ ಕಾಲಿನಿಂದ ಟವೆಲ್ ಬೀಸುತ್ತಿದ್ದಳು. ಬಾಳೆ ಎಲೆ ಹಾಸಿ ಮಲಗಿಸುತ್ತಿದ್ದ ಕಾಲವದು, ಗಾಯಕ್ಕೆ ಅಂಟುವುದಿಲ್ಲ ಎಂದು. ದಿನವೂ ಎಲೆ ತಂದುಕೊಡುತ್ತಿದ್ದವನು ತನ್ನವರು ಯಾರೂ ಆ ವಾರ್ಡಿನಲ್ಲಿ ಇಲ್ಲದ ಒಬ್ಬ ಹೂವಾಡಿಗ. ದುಃಖದ ಪುಸ್ತಕ ಓದಿ ಮನಸ್ಸು ಏನಾಗುತ್ತದೆ ಎಂದು ಬಳಗದಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಕೆಲವರು ಮನಸ್ಸು ಮರಗಟ್ಟುತ್ತದೆ ಎನ್ನುತ್ತಾರೆ, ಕೆಲವರು ಮೆದುವಾಗುತ್ತದೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ಎರಡೂ ಅದೇ ದಿನ, ಅದೇ ಮನುಷ್ಯನಲ್ಲಿ ಆಗುತ್ತವೆ. ಹರ್ಸಿ ಎರಡನ್ನೂ ಬರೆದುಕೊಂಡಿದ್ದಾರೆ. ದುಃಖದ ಮೇಲೆ ದುಃಖ ಸುರಿದು ಓದುಗರನ್ನು ಕೆಡವುವ ಪುಸ್ತಕಗಳಲ್ಲಿ ಈ ಚಹಾ ಎಲೆಗೆ ಜಾಗವಿರುವುದಿಲ್ಲ.

ಇನ್ನು ಡಾಕ್ಟರ್ ಸಾಸಾಕಿ. ಆರುನೂರು ಹಾಸಿಗೆಯ ಆಸ್ಪತ್ರೆಗೆ ಹತ್ತು ಸಾವಿರ ಗಾಯಾಳುಗಳು ನುಗ್ಗಿದರು ಎನ್ನುತ್ತದೆ ಪುಸ್ತಕ. ಗಾಯವಾಗದೆ ಉಳಿದ ವೈದ್ಯ ಅಲ್ಲಿ ಇವರೊಬ್ಬರೇ. ಒರೆಸು, ಔಷಧಿ ಹಚ್ಚು, ಸುತ್ತು. ಒರೆಸು, ಹಚ್ಚು, ಸುತ್ತು. ಯಂತ್ರವಾಗಿಬಿಡುತ್ತಾರೆ. ಹತ್ತೊಂಬತ್ತು ಗಂಟೆ ಸತತವಾಗಿ ಹೀಗೆ ಮಾಡಿ, ಬೆಳಗಿನ ಜಾವ ಮೂರಕ್ಕೆ, ಇನ್ನು ಒಂದು ಗಾಯವನ್ನೂ ಕಟ್ಟಲಾರೆ ಎಂದಾದಾಗ ಚಾಪೆ ಹಿಡಿದು ಕಟ್ಟಡದ ಹಿಂದೆ ಕದ್ದು ಮಲಗುತ್ತಾರೆ. ಒಂದು ಗಂಟೆಯೊಳಗೆ ಗಾಯಾಳುಗಳು ಅವರನ್ನು ಪತ್ತೆ ಹಚ್ಚಿ ಸುತ್ತುವರಿಯುತ್ತಾರೆ: ಡಾಕ್ಟರೇ, ನೀವು ಹೇಗೆ ನಿದ್ದೆ ಮಾಡುತ್ತೀರಿ? ಅವರು ಎದ್ದು ಮತ್ತೆ ಹೋಗುತ್ತಾರೆ. ‘ಸಿಸ್ಟರ್, ಸ್ವಲ್ಪ ಬನ್ನಿ’ ಎಂದು ನಡುರಾತ್ರಿ ಭುಜ ಮುಟ್ಟಿ ಎಬ್ಬಿಸಿದವರ ಮೇಲೆ ಬಂದ ಸಿಟ್ಟು, ಆ ಸಿಟ್ಟಿಗೆ ಆದ ನಾಚಿಕೆ, ಎರಡನ್ನೂ ಬಲ್ಲವರು ಈ ಪುಟವನ್ನು ಬೇಗ ದಾಟಲಾರರು.

ಆಕ್ಷೇಪವನ್ನೂ ಇಲ್ಲಿಯೇ ಹೇಳುತ್ತೇನೆ. ಆ ಗೊಂದಲದಲ್ಲಿ ಡಾಕ್ಟರ್ ಸಾಸಾಕಿಯವರ ಕನ್ನಡಕ ಹೋಗಿರುತ್ತದೆ. ಗಾಯಗೊಂಡ ನರ್ಸ್ ಒಬ್ಬರ ಮುಖದಿಂದ ಕನ್ನಡಕ ತೆಗೆದು ತಾವು ಹಾಕಿಕೊಳ್ಳುತ್ತಾರೆ. ಅದು ಅವರ ಕಣ್ಣಿಗೆ ಸರಿಹೊಂದುವುದಿಲ್ಲ, ಆದರೂ ಅದರಲ್ಲಿಯೇ ಒಂದು ತಿಂಗಳಿಗೂ ಹೆಚ್ಚು ಕಾಲ ಕೆಲಸ ನಡೆಯುತ್ತದೆ. ಆ ನರ್ಸ್ ಯಾರು? ಬದುಕಿದರೇ? ಕನ್ನಡಕ ವಾಪಸು ಹೋಯಿತೇ? ಪುಸ್ತಕದಲ್ಲಿಲ್ಲ. ನಗರದ 1,780 ನರ್ಸ್‌ಗಳಲ್ಲಿ 1,654 ಜನ ಸತ್ತರು ಅಥವಾ ಕೆಲಸ ಮಾಡಲಾರದಷ್ಟು ಗಾಯಗೊಂಡರು ಎಂಬ ಅಂಕಿ ಮಾತ್ರ ಇದೆ. ಆರು ಜನರಲ್ಲಿ ಇಬ್ಬರು ಡಾಕ್ಟರುಗಳು, ಇಬ್ಬರು ಧರ್ಮಗುರುಗಳು. ಒಬ್ಬ ನರ್ಸ್ ಇಲ್ಲ. ಹಿರೋಶಿಮಾದಲ್ಲಿ ಅಷ್ಟೊಂದು ಬ್ಯಾಂಡೇಜುಗಳನ್ನು ಡಾಕ್ಟರುಗಳೇ ಸುತ್ತಿದರು ಎಂದು ನಂಬಲು ನಾನು ಆಸ್ಪತ್ರೆ ನೋಡದವಳಲ್ಲ. ಹರ್ಸಿ ಜೆಸ್ಯೂಟ್ ಪಂಗಡದ ಪಾದ್ರಿಗಳ ಮೂಲಕ ಜನರನ್ನು ಹುಡುಕಿದರು, ಇಂಗ್ಲಿಷ್ ಬಲ್ಲವರು, ಪರಿಚಯವಿದ್ದವರು ಮೊದಲು ಸಿಕ್ಕರು ಎಂಬುದು ಅರ್ಥವಾಗುತ್ತದೆ. ಆದರೂ ಬಳಗದಲ್ಲಿ ಅಂಕ ಕೊಡಿ ಎಂದಾಗ ನಾನು ಒಂದು ಅಂಕವನ್ನು ಆ ಕನ್ನಡಕದ ಲೆಕ್ಕಕ್ಕೆ ಕಳೆದೆ.

ಮೂರು ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಗಾಯವೇ ಆಗದವರು ಬೀಳತೊಡಗುತ್ತಾರೆ. ನಾಕಾಮುರಾ ಅವರ ತಲೆಗೂದಲು ಬಾಚಣಿಗೆಯಲ್ಲಿ ಬರುತ್ತದೆ. ಪಾದ್ರಿಯ ಒಣಗಿದ ಗಾಯಗಳು ಮತ್ತೆ ಬಾಯಿ ಬಿಡುತ್ತವೆ. ಏನು ರೋಗವೆಂದು ಯಾರಿಗೂ ತಿಳಿಯದು. ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಇಟ್ಟಿದ್ದ ಎಕ್ಸ್-ರೇ ಫಲಕಗಳೆಲ್ಲ ಇದ್ದಲ್ಲಿಯೇ ಹಾಳಾಗಿದ್ದವು. ಅದು ಬಾಂಬಿನ ವಿಕಿರಣದ ಮೊದಲ ಸುಳಿವು. ಆ ಫಲಕಗಳ ಲಕೋಟೆಗಳಲ್ಲಿ ಸತ್ತವರ ಬೂದಿ ತುಂಬಿ, ಹೆಸರು ಬರೆದು, ಕಚೇರಿಯಲ್ಲಿ ಸಾಲಾಗಿ ಜೋಡಿಸಿಟ್ಟರು. ಪಾದ್ರಿಯನ್ನು ಟೋಕಿಯೋದ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ನಗುತ್ತಾ ಎರಡು ವಾರದಲ್ಲಿ ಮನೆಗೆ ಹೋಗುತ್ತೀರಿ ಎನ್ನುತ್ತಾರೆ. ವರಾಂಡಕ್ಕೆ ಬಂದು ಮಠದ ಹಿರಿಯ ಸೋದರಿಗೆ, ಈತ ಸಾಯುತ್ತಾನೆ, ಬಾಂಬಿನವರೆಲ್ಲ ಸಾಯುತ್ತಾರೆ ಎನ್ನುತ್ತಾರೆ. ಆ ವರಾಂಡ ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲಿಯೂ ಇದೆ. ಪಾದ್ರಿ ಬದುಕಿದ್ದು 1977ರವರೆಗೆ.

1946ರ ಬರಹ ಮುಗಿಯುವುದು ನಾಕಾಮುರಾ ಅವರ ಮಗ, ಹತ್ತು ವರ್ಷದ ತೊಶಿಯೊ, ಶಾಲೆಗೆ ಬರೆದ ಪ್ರಬಂಧದಿಂದ. ಹಿಂದಿನ ದಿನ ಈಜಲು ಹೋಗಿದ್ದು, ಬೆಳಿಗ್ಗೆ ಕಡಲೆಕಾಯಿ ತಿನ್ನುತ್ತಿದ್ದದ್ದು, ಬೆಳಕು ಕಂಡದ್ದು, ಮರುದಿನ ಸೇತುವೆಯ ಹತ್ತಿರ ಅಮ್ಮಂದಿರನ್ನು ಹುಡುಕುತ್ತಿದ್ದ ಗೆಳತಿಯರು ಸಿಕ್ಕಿದ್ದು. ಒಬ್ಬಳ ತಾಯಿಗೆ ಗಾಯ, ಇನ್ನೊಬ್ಬಳ ತಾಯಿ ಸತ್ತಿದ್ದರು. ಅಷ್ಟೇ. ಹುಡುಗ ಹರ್ಸಿಯವರ ಹಾಗೆ ಬರೆದನೋ, ಹರ್ಸಿ ಹುಡುಗನಿಂದ ಕಲಿತರೋ ಗೊತ್ತಾಗದಂತೆ ಎರಡೂ ಕೂಡಿಕೊಂಡಿವೆ.

ಐದನೆಯ ಅಧ್ಯಾಯ ಏಕರೂಪವಾಗಿಲ್ಲ. ತನಿಮೊಟೊ ಅವರ ಅಮೆರಿಕದ ಭಾಷಣ ಯಾತ್ರೆಗಳು ನನಗೆ ಬೇಸರ ತಂದವು. 1955ರಲ್ಲಿ ಅವರನ್ನು ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ಕರೆಸಿ, ಬಾಂಬ್ ಹಾಕಿದ ವಿಮಾನದ ಸಹಚಾಲಕ ರಾಬರ್ಟ್ ಲೂಯಿಸ್ ಅವರನ್ನು ಎದುರಿಗೆ ತಂದು ನಿಲ್ಲಿಸಿದ ಭಾಗ ಮಾತ್ರ ಓದಿ ಮೈ ಉರಿಯಿತು. ದುಃಖವನ್ನು ಹೇಗೆ ತೋರಿಸಬಾರದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ನಾಕಾಮುರಾ ಅವರ ಭಾಗ ಚೆನ್ನಾಗಿದೆ: ತುಕ್ಕು ಹಿಡಿದ ಹೊಲಿಗೆಯಂತ್ರ, ನುಸಿಗುಳಿಗೆ ಮಾಡುವ ಕಾರ್ಖಾನೆಯ ಕೆಲಸ, ಮಕ್ಕಳ ಮದುವೆ. ತೊಶಿಕೊ ಸಾಸಾಕಿ ಕ್ರೈಸ್ತ ಸನ್ಯಾಸಿನಿಯಾಗುತ್ತಾರೆ. ಡಾಕ್ಟರ್ ಸಾಸಾಕಿ ಹಣವಂತರಾಗುತ್ತಾರೆ; ಅವರಿಗೆ ಉಳಿದ ಕೊರಗು ಒಂದೇ, ಆ ಮೊದಲ ದಿನಗಳಲ್ಲಿ ಗುರುತು ಬರೆದಿಡಲಾಗದೆ ಸುಡಲು ಎಳೆದೊಯ್ದ ಹೆಣಗಳದು. ಮರಣ ರಿಜಿಸ್ಟರ್ ಬರೆದ ಯಾರಿಗಾದರೂ ಅದು ತಿಳಿಯುತ್ತದೆ.

ಈ ಅಧ್ಯಾಯದಲ್ಲಿ ಬದುಕುಗಳ ನಡುನಡುವೆ ಹರ್ಸಿ ಯಾವ ಪೀಠಿಕೆಯೂ ಇಲ್ಲದೆ ಒಂದೊಂದು ವಾಕ್ಯ ಇಡುತ್ತಾ ಹೋಗುತ್ತಾರೆ: ಇಂಥ ದಿನ ಇಂಥ ದೇಶ ತನ್ನ ಮೊದಲ ಪರಮಾಣು ಪರೀಕ್ಷೆ ಮಾಡಿತು. ಸೋವಿಯತ್ ಒಕ್ಕೂಟ, ಬ್ರಿಟನ್, ಹೀಗೆ. ಓದುತ್ತಾ ಬಂದರೆ 1974ರ ಮೇ 18, ಭಾರತ. ಆ ದಿನ ನನಗೆ ನೆನಪಿದೆ. ರೇಡಿಯೋದಲ್ಲಿ ಪೋಖ್ರಾನ್ ಎಂಬ ಹೆಸರು ಮೊದಲ ಬಾರಿಗೆ ಕೇಳಿ ಅಪ್ಪ ಬೀದಿಗೆಲ್ಲ ಕೇಳಿಸುವಂತೆ ದನಿ ಹೆಚ್ಚಿಸಿದ್ದರು, ನಾವು ಮಕ್ಕಳು ಕುಣಿದಿದ್ದೆವು. ಹರ್ಸಿ ಹೊಗಳುವುದಿಲ್ಲ, ತೆಗಳುವುದಿಲ್ಲ. ಮುಂದಿನ ಸಾಲಿನಲ್ಲಿ ಮತ್ತೆ ಮೊದಲಿನ ಕಥೆ.

ನನಗೆ ಐದನೆಯ ಅಧ್ಯಾಯದಲ್ಲಿ ಸಿಕ್ಕ ದೊಡ್ಡ ಲಾಭ ಯೋಶಿಕಿ ಎಂಬ ಹೆಂಗಸು. ಪಾದ್ರಿ ಜಪಾನಿನ ಪೌರತ್ವ ಪಡೆದು, ತಕಾಕುರಾ ಎಂಬ ಹೆಸರಿಟ್ಟುಕೊಂಡು, ಒಂದು ಸಣ್ಣ ಊರಿನ ಚರ್ಚಿಗೆ ಹೋಗುತ್ತಾರೆ. ಅಲ್ಲಿ ಅಡುಗೆಗೆಂದು ಬಂದವರು ಈಕೆ. ಪಾದ್ರಿಯ ಮೈ ಒಂದೊಂದಾಗಿ ಸೋಲುತ್ತಾ ಬಂದಂತೆ ಉಣಿಸುವುದು, ತೊಳೆಯುವುದು, ಕೂರಿಸುವುದು ಎಲ್ಲ ಅವರದೇ. ನರ್ಸಿಂಗ್ ಕಲಿತವರಲ್ಲ. ಪುಸ್ತಕದ ಹೆಸರು ಕೇಳಿದರೆ ಜನ ಅಣಬೆಯಾಕಾರದ ಮೋಡವನ್ನು ನೆನೆಯುತ್ತಾರೆ. ನನಗೆ ಈಗ ಮೊದಲು ನೆನಪಾಗುವುದು ಯೋಶಿಕಿ. ತಂಗಿಯ ಮಗಳಿಗೆ, ಬೇಕಾದರೆ ಆ ಭಾಗದಿಂದ ಹಿಂದಕ್ಕೆ ಓದು ಎಂದಿದ್ದೇನೆ. ಅವಳು ಹಾಗೆಯೇ ಶುರು ಮಾಡಿದ್ದಾಳೆ, ರಾತ್ರಿ ಹೊತ್ತು ಮಾತ್ರ ಓದುವುದಿಲ್ಲ.

ಇಂಗ್ಲಿಷ್ ಕಷ್ಟವೇ ಎಂದು ಕೇಳುವವರಿಗೆ: ಇಲ್ಲ. ನನ್ನದು ಕೇಸ್ ಶೀಟಿನ ಇಂಗ್ಲಿಷ್, ಅದರಲ್ಲಿಯೇ ಮುಗಿಯಿತು. ವಾಕ್ಯಗಳು ಚಿಕ್ಕವು, ಪದಗಳು ದಿನಬಳಕೆಯವು. ಜಪಾನೀ ಹೆಸರುಗಳಿಗೆ ಒಂದು ಚೀಟಿ ಬರೆದಿಟ್ಟುಕೊಳ್ಳಿ, ಇಬ್ಬರು ಸಾಸಾಕಿಗಳಿದ್ದಾರೆ, ನಂಟರಲ್ಲ. ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುತ್ತಾ ಕುಳಿತಿರುವವರು ಸದ್ಯಕ್ಕೆ ತೆಗೆಯಬೇಡಿ, ಮನೆಗೆ ಬಂದ ಮೇಲೆ ಓದಬಹುದು. ಹೈಸ್ಕೂಲಿನ ಮಕ್ಕಳಿಗೆ ತೊಶಿಯೊನ ಪ್ರಬಂಧವೊಂದನ್ನು ಓದಿ ಹೇಳಿದರೆ ಸಾಕು. ಕೊಳ್ಳುವಾಗ ಪರಿವಿಡಿಯನ್ನು ನೋಡಿಕೊಳ್ಳಿ. ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಗುವ 1985ಕ್ಕಿಂತ ಹಿಂದಿನ ಪ್ರತಿಗಳಲ್ಲಿ ನಾಲ್ಕೇ ಅಧ್ಯಾಯಗಳಿರುತ್ತವೆ. ಅದನ್ನು ಕೊಂಡರೆ ಯೋಶಿಕಿ ಸಿಗುವುದಿಲ್ಲ.